ಹಿಂದಿನ ಮನೆಯ ಪಲ್ಮೀರಾ

ಸಾಂತಾ ಇಸೌರಾ, ಚಿಲಿ
17 ಮಾರ್ಚ್ 1991

ಪ್ರೀತಿಯ ತಂಗಿ ಎಲಿಯಾನಾಗೆ,

ನೀನು ಬಂದು ಹೋದ ಮೇಲೆ ಇಲ್ಲಿ ನಿನ್ನದೇ ಮಾತು. ಟೇಪು ಹಿಡಿದುಕೊಂಡು ಗುಡ್ಡ ಹತ್ತಿ ಇಳಿದ ಆ ಹೆಂಗಸು ಹೆರಿಬೆರ್ತೊನ ತಂಗಿಯಂತೆ ಎಂದು ಟಿಕೆಟ್ ಹರಿಯುವವಳಿಂದ ಹಿಡಿದು ಕಡಲೆಕಾಯಿ ಮಾರುವವನ ತನಕ ಎಲ್ಲರೂ ಆಡಿಕೊಳ್ಳುತ್ತಾರೆ. ನಾನು ಏನೂ ಆಗದವನಂತೆ ಬಕೆಟ್ ಎತ್ತಿಕೊಂಡು ಹೋಗುತ್ತೇನೆ. ಒಳಗೊಳಗೆ ಎಷ್ಟು ಉಬ್ಬಿದ್ದೇನೆ ಅಂತ ನಿನಗೆ ಬೇರೆ ಹೇಳಬೇಕೆ? ಅಮ್ಮ ತೀರಿಕೊಂಡಾಗ ನೀನು ಇನ್ನೂ ಚಿಕ್ಕವಳು. ಜಡೆ ಹಾಕಲು ಬಾರದೆ ನಾನು ಕುದುರೆ ಬಾಲ ಹೆಣೆಯುವ ಹಾಗೆ ಹೆಣೆದು ನಿನ್ನನ್ನು ಶಾಲೆಗೆ ಅಟ್ಟುತ್ತಿದ್ದೆ. ಆ ಹುಡುಗಿ ಈಗ ಪರ್ವತದಾಚೆ ಮೆಂದೋಸಾದಿಂದ ಬಂದು, ನಾನು ಬದುಕಿಡೀ ಗುಡಿಸಿದ ಮೃಗಾಲಯವನ್ನು ಕೆಡವಿ ಹೊಸದಾಗಿ ಕಟ್ಟುತ್ತಾಳೆ.

ನಿರ್ದೇಶಕರು ದೊನ್ ಅಬೆಲಾರ್ದೊ ನಿನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಮಗೆಲ್ಲ ತೋರಿಸಿದರು. ಕೊಳದ ಈಚೆ ಆಫ್ರಿಕಾ, ಆಚೆ ಆಸ್ಟ್ರೇಲಿಯಾ. ರೈಲು ಹಳಿಯ ಉದ್ದಕ್ಕೂ ನೀಲಗಿರಿ ಮರಗಳೇ ಇರುವಾಗ ಆಸ್ಟ್ರೇಲಿಯಾ ಕಟ್ಟುವುದು ಯಾಕೆ, ನಾಲ್ಕು ಕಾಂಗರೂ ತಂದು ಸ್ಟೇಷನ್ನಿನಲ್ಲಿ ಇಳಿಸಿದರೆ ಮುಗಿಯಿತಲ್ಲ ಎಂದೆ. ಅದಕ್ಕೆ ಅವರು, "ನೀನ್ ಬಾಯಿ ಮುಚ್ಕೊಂಡಿರಯ್ಯ, ನಿನ್ ತಂಗಿ ಊಟಕ್ಕೆ ಕಲ್ಲು ಹಾಕ್ಬೇಡ" ಎಂದರು.

ಒಂದು ತಕರಾರು ಇದೆ. ಅಷ್ಟು ದಿನ ಇದ್ದವಳು ಪಲ್ಮೀರಾಳ ಪಂಜರದ ಹತ್ತಿರ ಒಂದೇ ಸಲ ಬಂದೆ. ಅದೂ ನಿಮ್ಮ ಇಂಜಿನಿಯರ್ ಬೆರ್ತೊನಿಯವರ ಜೊತೆ, ಏನೋ ಬರೆದುಕೊಳ್ಳುತ್ತಾ. ಅವಳು ನಿನ್ನನ್ನು ಗುರುತು ಹಿಡಿದಳು. ತಲೆ ಮುಟ್ಟಿ ತೋರಿಸಿ ಬಾಚು ಅಂದಳು. ನೀನು ನೋಡಲಿಲ್ಲ. ಅವತ್ತು ಸಂಜೆ ಅವಳು ಚಹಾ ಕುಡಿಯದೆ ಗೋಡೆಗೆ ಮುಖ ಮಾಡಿ ಕುಳಿತಳು. ಸರ್ಕಸ್ಸಿನವರು ದಿವಾಳಿಯೆದ್ದು, ಬಿಸ್ಕತ್ತಿನ ಪೆಟ್ಟಿಗೆಯಲ್ಲಿ ಒಂದು ಚಿಂಪಾಂಜಿ ಮರಿಯನ್ನು ನಮ್ಮ ಗೇಟಿನಲ್ಲಿ ಬಿಟ್ಟು ಹೋದ ವರ್ಷ, ನಿನ್ನ ಹಾಸಿಗೆಯಲ್ಲಿ ಅರ್ಧ ಕೊಟ್ಟವಳು ನೀನೇ. ನಿನ್ನ ನೀಲಿ ಫ್ರಾಕು ಮೊಣಕಾಲಿನ ಮೇಲೆ ಬಂದಾಗ ಅವಳಿಗೆ ತೊಡಿಸಿದವಳೂ ನೀನೇ. ಬಲ ಬಂದ ಮೇಲೆ ಅವಳು ಪಂಜರಕ್ಕೆ ಹೋಗಬೇಕಾಯಿತು, ನೀನು ಕಾಲೇಜಿಗೆ ಹೋದೆ. ಅವಳ ಲೆಕ್ಕದಲ್ಲಿ ನೀವಿಬ್ಬರೂ ಮನೆ ಬಿಟ್ಟವರೇ.

ನಕ್ಷೆಯಲ್ಲಿ ಚಿಂಪಾಂಜಿಗಳ ಗುಡ್ಡ ಎಂದು ಬರೆದಿರುವ ಕಡೆ ಬೆರಳಿಟ್ಟು ಹುಡುಕಿದೆ. ಅವಳು ಎಲ್ಲಿ ಕೂರುತ್ತಾಳೆ ಅಂತ ನನಗೆ ಗೊತ್ತಾಗಲಿಲ್ಲ. ಬರೆದು ತಿಳಿಸು.

ನಿನ್ನ ಅಣ್ಣ,
ಹೆರಿಬೆರ್ತೊ


ಮೆಂದೋಸಾ, ಅರ್ಜೆಂಟೀನಾ
9 ಏಪ್ರಿಲ್ 1991

ಅಣ್ಣಾ,

ನಿನ್ನ ಪತ್ರವನ್ನು ಕಚೇರಿಯಲ್ಲಿ ಓದಿ ಒಬ್ಬಳೇ ನಕ್ಕೆ. ಸ್ಟೇಷನ್ನಿನ ಕಾಂಗರೂ ಕಥೆಯನ್ನು ಬೆರ್ತೊನಿಯವರಿಗೂ ಹೇಳಿದೆ, ಅವರು ನಗಲಿಲ್ಲ. ಅವರು ನಗುವುದೇ ಕಡಿಮೆ.

ನಾನು ಏನು ಮಾಡಹೊರಟಿದ್ದೇನೆ ಎಂದು ನಿನಗೆ ಸರಿಯಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ನಿಂತು ಕೆಲಸ ನೋಡಿಕೊಳ್ಳುವವನು ನೀನು. ಈಗ ಜನ ಬರುತ್ತಾರೆ, ಮೇಲಿನಿಂದ ಗುಂಡಿಗೆ ಇಣುಕುತ್ತಾರೆ, ಏನಾದರೂ ಎಸೆಯುತ್ತಾರೆ, ಪ್ರಾಣಿ ಕೈ ಚಾಚುತ್ತದೆ. ಇದನ್ನು ತಿರುವುಮುರುವು ಮಾಡಬೇಕು. ಜನ ಪ್ರಾಣಿಯ ಮನೆಯೊಳಗೆ ಕಾಲಿಟ್ಟ ಹಾಗೆ ಆಗಬೇಕು. ಸ್ವಲ್ಪ ಅಳುಕುತ್ತಾ, ದನಿ ತಗ್ಗಿಸಿ. ದಾರಿ ಬಿದಿರಿನ ನಡುವೆ ತಿರುಗುತ್ತಾ ಹೋಗುತ್ತದೆ, ಒಬ್ಬ ನೋಡುಗನಿಗೆ ಇನ್ನೊಬ್ಬ ಕಾಣುವುದಿಲ್ಲ. ಬೇಲಿ ಇರುತ್ತದೆ, ಆದರೆ ಕಂದಕದ ತಳದಲ್ಲಿ. ಈಚೆಗೂ ಹುಲ್ಲು, ಆಚೆಗೂ ಹುಲ್ಲು, ನಡುವಿನ ತಗ್ಗು ಕಣ್ಣಿಗೆ ಬೀಳುವುದಿಲ್ಲ. ಬಯಲಿನ ಎಸ್ಪಿನೊ ಮರಗಳನ್ನು ಯಾರಿಗೂ ಕಡಿಯಲು ಬಿಡಬೇಡ. ನಮ್ಮೂರಿನ ಮುಳ್ಳುಮರವೇ ಆದರೂ, ನೆತ್ತಿಯನ್ನು ಚಪ್ಪಟೆಯಾಗಿ ಸವರಿ ಅದರಡಿ ಒಂದು ಜೀಬ್ರಾ ನಿಲ್ಲಿಸಿದರೆ, ಅಲ್ಲೇ ಹುಟ್ಟಿ ಬೆಳೆದ ನೀನೂ ಆಫ್ರಿಕಾ ಅನ್ನುತ್ತೀಯ.

ಇನ್ನು ಪಲ್ಮೀರಾ. ಹಾಲೆಂಡಿನಿಂದ ಚಿಂಪಾಂಜಿಗಳ ಒಂದು ಇಡೀ ಕುಟುಂಬ ಬರುತ್ತದೆ. ಗುಡ್ಡದ ಬೆನ್ನಿಗೆ ಅವುಗಳ ಮಲಗುವ ಮನೆ, ಹೊರಗಿನವರಿಗೆ ಕಾಣದ ಹಾಗೆ. ಅದೇ ಹಿಂದಿನ ಮನೆಯಲ್ಲಿ ಪಲ್ಮೀರಾಗೆ ಒಂದು ಕೋಣೆ ಇಟ್ಟಿದ್ದೇನೆ. ಬೆಳಗಿನ ಬಿಸಿಲು ಬೀಳುತ್ತದೆ, ಚಳಿಗಾಲದಲ್ಲಿ ನೆಲ ಬೆಚ್ಚಗಿರುತ್ತದೆ. ಅವಳನ್ನು ನಿಧಾನವಾಗಿ ಆ ಕುಟುಂಬಕ್ಕೆ ಪರಿಚಯ ಮಾಡಿಸಿ ನೋಡೋಣ ಎಂದು ಬೆರ್ತೊನಿಯವರನ್ನು ಒಪ್ಪಿಸಿದ್ದೇನೆ. ಆದರೆ ಅದಕ್ಕೆ ಅವಳು ಮೊದಲು ಚಿಂಪಾಂಜಿ ಆಗಬೇಕು, ಅಣ್ಣಾ. ಭಾನುವಾರ ಜನರೆದುರು ಚಹಾ ಕುಡಿದು ತೋರಿಸುವ ಆಟ ನಿಲ್ಲಬೇಕು. ಫ್ರಾಕು, ಶಾಲು, ಜನ ಕೊಡುವ ಸಿಗರೇಟು, ಎಲ್ಲವೂ. ನೀನು ಅವಳ ಜೊತೆ ಮಾತಾಡುವುದನ್ನೂ ಬಿಡಬೇಕು. ಹೊಸ ಜಾಗದಲ್ಲಿ ಪಾಲಕರು ಯಾರ ಕಣ್ಣಿಗೂ ಬೀಳಬಾರದು. ಊಟ ಗಿಡದ ಕೆಳಗೆ, ಕಲ್ಲಿನ ಸಂದಿಯಲ್ಲಿ ತಾನಾಗಿ ಸಿಕ್ಕ ಹಾಗೆ ಇರಬೇಕು. ನಿನಗೆ ಇದು ಕಷ್ಟ ಎಂದು ಗೊತ್ತು.

ಅವತ್ತು ಹತ್ತಿರ ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಕೆಲಸದ ಮೇಲೆ ಬಂದಿದ್ದೆ.

ಎಲಿಯಾನಾ


ಸಾಂತಾ ಇಸೌರಾ
23 ಜೂನ್ 1991

ಪ್ರೀತಿಯ ತಂಗಿಗೆ,

ಪತ್ರ ತಡವಾಯಿತು. ಕೆಲಸ ಜೋರಾಗಿದೆ. ಕಬ್ಬಿಣದ ಜಾಲರಿಯ ಮೇಲೆ ಸಿಮೆಂಟು ಮೆತ್ತಿ ನೀನು ಹೇಳಿದ ಬಂಡೆಗಳನ್ನೆಲ್ಲ ಎಬ್ಬಿಸಿದ್ದೇವೆ. ಪಾಚಿ ಹಿಡಿಯಲಿ ಎಂದು ನೀನು ಬರೆದ ಹಾಗೆ ಮೊಸರು ಬಳಿದೆವು. ಗಾರೆ ಕೆಲಸದ ಎವಾರಿಸ್ತೊ ಬಕೆಟ್ ಹಿಡಿದು ನಿಂತು, "ನಮ್ ಮಕ್ಳಿಗೆ ಹಾಲಿಲ್ಲ, ಕಲ್ಲಿಗೆ ಮೊಸರು ಕುಡಿಸ್ತಾಳಲ್ಲಪ್ಪ ನಿನ್ ತಂಗಿ" ಎಂದ. ಆದರೆ ಪಾಚಿ ಬಂತು. ಹಸಿರು ಕಂಡಾಗ ಅವನೇ ಹೆಂಡತಿಯನ್ನು ಕರೆದುಕೊಂಡು ಬಂದು ತೋರಿಸಿದ.

ಪಲ್ಮೀರಾ ವಿಷಯದಲ್ಲಿ ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಸಿಗರೇಟು ಹೋಯಿತು, ಚಹಾ ಹೋಯಿತು, ಮೊನ್ನೆ ಶಾಲನ್ನೂ ತೆಗೆದುಕೊಂಡೆ. ಭಾನುವಾರ ಜನ ಬಂದು ಕಾದರು. ಅವಳು ಖಾಲಿ ಕೈಯಲ್ಲಿ ಬಟ್ಟಲು ಹಿಡಿದಂತೆ ಹಿಡಿದು, ಸಕ್ಕರೆ ಕದಡಿ, ಊದಿ ಊದಿ ಕುಡಿದಳು. ಜನ ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋದೆ.

ಮಾತು ಬಿಟ್ಟ ಮೊದಲ ದಿನ ಊಟ ಇಟ್ಟು ಸುಮ್ಮನೆ ಹೊರಟೆ. ಅವಳು ತೋಳು ಹಿಡಿದು ಎಳೆದಳು. ನನ್ನ ಗಂಟಲಿಗೆ ಏನೋ ಆಗಿದೆ ಅಂದುಕೊಂಡಳೋ ಏನೋ, ಬೆರಳಿನಿಂದ ನನ್ನ ಬಾಯಿ ಬಿಡಿಸಿ ಒಳಗೆ ನೋಡಿದಳು. ಈಗ ಅಭ್ಯಾಸವಾಗುತ್ತಿದೆ. ಚೆನ್ನಾಗಿದ್ದಾಳೆ. ಮೈಮೇಲೆ ಅಲ್ಲಲ್ಲಿ ಕೂದಲು ಉದುರಿದೆ, ಚಳಿಗಾಲವಲ್ಲವೇ.

ಹಿಂದಿನ ಮನೆಗೆ ಗೋಡೆ ಎದ್ದಿದೆ. ಅವಳ ಕೋಣೆ ನೋಡಿದೆ. ರಾತ್ರಿ ಮಲಗಲು ಬೆಚ್ಚಗಿನ ನೆಲ, ಹಗಲಿಗೆ ಆ ಗುಡ್ಡ, ಆ ಹೊಳೆ, ಆ ಹುಲ್ಲು. ಪುಣ್ಯವಂತೆ ಬಿಡು. ನಾನು ಕಾಣಿಸಿಕೊಳ್ಳಬಾರದು ಅಂದರೆ ಪರವಾಗಿಲ್ಲ. ಸಂದಿಯಿಂದ ನೋಡುತ್ತೇನೆ.

ಅಣ್ಣ


ಮೆಂದೋಸಾ
30 ಆಗಸ್ಟ್ 1991

ಅಣ್ಣಾ,

ನಿನ್ನ ಪತ್ರ ಮೊನ್ನೆಯಷ್ಟೇ ಕೈಸೇರಿತು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿದ್ದರಿಂದ ಅಂಚೆಯ ಲಾರಿಗಳು ಆಚೆಯೇ ನಿಂತಿದ್ದುವಂತೆ.

ಆಸ್ಟ್ರೇಲಿಯಾದ ಭಾಗದ ಬಗ್ಗೆ ಹೇಳಬೇಕು. ಅಲ್ಲಿ ಕಂದಕವೂ ಬೇಡ ಎಂದು ತೀರ್ಮಾನವಾಯಿತು. ಜನ ಕಾಂಗರೂಗಳ ನಡುವೆಯೇ ನಡೆಯುತ್ತಾರೆ. ದಾರಿಯ ಎರಡೂ ಬದಿಗೆ ಬರೀ ಮೊಣಕಾಲೆತ್ತರದ ಪೊದೆ. ಕಾಂಗರೂಗೆ ದೂರ ಹೋಗಲು ಜಾಗ ಇದ್ದರೆ ಅದು ಜನಕ್ಕೆ ಹೆದರುವುದಿಲ್ಲ. ಹೆದರುವುದು ಮೂಲೆ ಇದ್ದಾಗ ಮಾತ್ರ. ಅದಕ್ಕೇ ಆ ಬಯಲಿನಲ್ಲಿ ಎಲ್ಲೂ ಮೂಲೆ ಇಟ್ಟಿಲ್ಲ, ಬೇಲಿಯೆಲ್ಲ ಬಳುಕುತ್ತಾ ಹೋಗುತ್ತದೆ. ಎಮು ಹಕ್ಕಿಗಳು ಮಾತ್ರ ಜನರ ಕೈಯಿಂದ ರೊಟ್ಟಿ ಕಸಿಯುತ್ತವೆ, ಅದಕ್ಕೆ ಯಾರ ನಕ್ಷೆಯಲ್ಲೂ ಮದ್ದಿಲ್ಲ. ಕೆಂಪು ಮಣ್ಣನ್ನು ಇಟ್ಟಿಗೆ ಗೂಡಿನಿಂದ ತರಿಸು. ರೈಲು ಹಳಿಯ ನೀಲಗಿರಿ ಮರಗಳ ಒಣ ತೊಗಟೆ ಸಿಕ್ಕಷ್ಟನ್ನೂ ಹರಡು. ಕಾಲಿಟ್ಟಾಗ ಅದು ಮುರಿಯುವ ಸದ್ದು ಬೇಕು ನನಗೆ.

ಪಲ್ಮೀರಾಳ ಕೂದಲ ಬಗ್ಗೆ ಪಶುವೈದ್ಯೆ ಡಾಕ್ಟರ್ ರಿಕೆಲ್ಮೆಯವರೂ ಬರೆದಿದ್ದಾರೆ. ತಾನೇ ಕಿತ್ತುಕೊಳ್ಳುತ್ತಿದ್ದಾಳಂತೆ. ನೀನು ಚಳಿಗಾಲ ಅಂದೆ.

ಕೋಣೆಯ ವಿಷಯ, ಹಗಲಿನ ವಿಷಯ, ನಾನು ಬಂದಾಗ ಮಾತಾಡೋಣ.

ಎಲಿಯಾನಾ


ಸಾಂತಾ ಇಸೌರಾ
20 ಅಕ್ಟೋಬರ್ 1991

ಪ್ರೀತಿಯ ತಂಗಿಗೆ,

ಹಾಲೆಂಡಿನವರು ಬಂದರು. ದೊಡ್ಡ ಗಂಡು, ಮೂರು ಹೆಣ್ಣು, ಒಂದು ಮರಿ. ಯಜಮಾನಿತಿಯ ಹೆಸರು ಗ್ರೀತ್. ಅವಳು ಸೀನಿದರೆ ಉಳಿದವರೆಲ್ಲ ತಿರುಗಿ ನೋಡುತ್ತಾರೆ. ಗುಡ್ಡಕ್ಕೆ ಬಿಟ್ಟ ದಿನ ಗಂಡು ಬಾಗಿಲಲ್ಲೇ ನಿಂತಿತು. ಗ್ರೀತ್ ಅದನ್ನು ದಾಟಿ ಬಂದು, ಹುಲ್ಲನ್ನು ಅಂಗೈಯಿಂದ ಒತ್ತಿ ನೋಡಿ, ನೆಟ್ಟಗೆ ಹೊಳೆಗೆ ಹೋಗಿ ಬೆರಳು ಅದ್ದಿದಳು. ಆಮೇಲೆ ಉಳಿದವರು ಓಡಿ ಬಂದರು. ಸಂಜೆಗೆ ಯಾರು ಕರೆದರೂ ಒಳಗೆ ಬರಲಿಲ್ಲ. ನಿನ್ನ ಜಾಗ ಅವರಿಗೆ ಹಿಡಿಸಿದೆ. ನೀನು ನೋಡಬೇಕಿತ್ತು.

ಹೋದ ವಾರ ಪಲ್ಮೀರಾಗೂ ಅವರಿಗೂ ಜಾಲರಿಯ ಮೂಲಕ ಭೇಟಿ ಮಾಡಿಸಿದರು. ಡಾಕ್ಟರ್ ನಿನಗೆ ಬರೆಯುತ್ತೇನೆ ಅಂದರು. ಅದಕ್ಕೆ ಮೊದಲು ನಾನೇ ಹೇಳುತ್ತೇನೆ. ತನ್ನಂಥವರನ್ನು ಅವಳು ಮರಿಯಾಗಿದ್ದಾಗಿನಿಂದ ನೋಡಿಲ್ಲವಲ್ಲ. ಮೊದಲು ನನ್ನ ಹಿಂದೆ ಅವಿತಳು. ಆಮೇಲೆ ಧೈರ್ಯ ಮಾಡಿ ಮುಂದೆ ಹೋಗಿ, ಭಾನುವಾರದ ಅತಿಥಿಗಳಿಗೆ ಕೊಡುತ್ತಿದ್ದ ಹಾಗೆ, ಜಾಲರಿಯಿಂದ ಕೈ ಚಾಚಿ ಕೈಕುಲುಕಲು ನಿಂತಳು. ಗ್ರೀತ್ ಬಹಳ ಹೊತ್ತು ಆ ಕೈ ನೋಡಿದಳು. ಪಲ್ಮೀರಾ ಇನ್ನೂ ಸ್ವಲ್ಪ ಚಾಚಿದಳು. ಗ್ರೀತ್ ಕಚ್ಚಿದಳು. ಒಂದು ಬೆರಳಿನ ತುದಿ ಹೋಯಿತು.

ಅವಳು ಕಿರುಚಲಿಲ್ಲ. ಕೈಯನ್ನು ನನ್ನ ಹತ್ತಿರ ತಂದು ತೋರಿಸಿದಳು, ಅಷ್ಟೆ. ಅವತ್ತು ನಾನು ಮಾತಾಡಿದೆ. ಮಾತಾಡಿದ್ದೇನೆ ಎಂದು ಯಾರಿಗೆ ಬೇಕಾದರೂ ಹೇಳು.

ಇದು ಒಂದು ಸಲಕ್ಕೆ ಬಿಡುವ ವಿಷಯವಲ್ಲ. ಜಾಲರಿ ಇದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಬಾಗಿಲು ತೆಗೆಸು, ನಾನು ಅವಳ ಪಕ್ಕದಲ್ಲಿ ಗುಡ್ಡಕ್ಕೆ ಹೋಗುತ್ತೇನೆ. ನಾನಿದ್ದರೆ ಅವಳನ್ನು ಯಾರೂ ಮುಟ್ಟುವುದಿಲ್ಲ. ನಿನ್ನ ಒಂದು ಮಾತಿಗೆ ಬೆರ್ತೊನಿ ಒಪ್ಪುತ್ತಾರೆ. ದಯವಿಟ್ಟು.

ಅಣ್ಣ


ಮೆಂದೋಸಾ
14 ನವೆಂಬರ್ 1991

ಅಣ್ಣಾ,

ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಬಾಗಿಲು ತೆಗೆಯುವುದಿಲ್ಲ. ನೀನು ಅವಳ ಜೊತೆ ಗುಡ್ಡಕ್ಕೆ ಹೋದರೆ ಮೊದಲು ಅವಳನ್ನು, ಆಮೇಲೆ ನಿನ್ನನ್ನು ಸಿಗಿದು ಹಾಕುತ್ತವೆ. ನಾನು ಬೇರೊಂದು ಊರಿನಲ್ಲಿ ಇಂಥದ್ದನ್ನು ಕಣ್ಣಾರೆ ಕಂಡಿದ್ದೇನೆ, ವಿವರ ಬೇಡ. ಅವಳು ಅವರ ಭಾಷೆ ಕಲಿತಿಲ್ಲ. ಈ ವಯಸ್ಸಿನಲ್ಲಿ ಕಲಿಯುವುದಿಲ್ಲ. ಹಿಂದಿನ ಮನೆಯ ಕೋಣೆ ರಾತ್ರಿಗೆ ಮಾತ್ರವಲ್ಲ, ಅಣ್ಣಾ. ಅವಳು ಅಲ್ಲೇ ಇರುತ್ತಾಳೆ. ನಿನ್ನ ಜೂನಿನ ಪತ್ರ ಓದಿದಾಗಲೇ ನೀನು ಬೇರೆ ಥರ ಅರ್ಥ ಮಾಡಿಕೊಂಡಿದ್ದೀಯ ಎಂದು ಗೊತ್ತಾಯಿತು. ಕುಟುಂಬ ಅವಳನ್ನು ಒಪ್ಪಿಕೊಂಡರೆ ನೀನು ಅಂದುಕೊಂಡಿದ್ದೇ ನಿಜವಾಗುತ್ತದೆ ಎಂದು ಸುಮ್ಮನಿದ್ದೆ.

ಇನ್ನೊಂದು ಮಾತು. ಅವಳೊಬ್ಬಳನ್ನೇ ಜನರ ಮುಂದೆ ಇಡೋಣ, ಹಳೆಯ ಪಂಜರದಲ್ಲೇ ಇರಲಿ ಎಂದು ನೀನು ದೊನ್ ಅಬೆಲಾರ್ದೊ ಅವರನ್ನು ಕೇಳಿದೆಯಂತೆ. ಅದೂ ಆಗುವುದಿಲ್ಲ. ಬಿದಿರು ದಾಟಿ, ಕಾಡಿಗೆ ಬಂದೆ ಅಂದುಕೊಂಡ ಮನುಷ್ಯನಿಗೆ ಸಿಗರೇಟು ಕೇಳುವ ಚಿಂಪಾಂಜಿ ಎದುರಾದರೆ, ನಾವು ಮಾಡಿದ್ದೆಲ್ಲ ಬರೀ ಸಿಮೆಂಟು ಆಗಿಬಿಡುತ್ತದೆ. ಇದು ಬೆರ್ತೊನಿಯವರ ಮಾತು. ನನಗೂ ಅದು ಸರಿ ಅನಿಸುತ್ತದೆ. ಸರಿ ಅನಿಸುತ್ತದೆ ಎಂದು ಬರೆಯುವಾಗ ನನಗೆ ಹೇಗಿರುತ್ತದೆ ಎಂದು ನೀನು ಕೇಳುವುದಿಲ್ಲ, ಗೊತ್ತು.

ಡಿಸೆಂಬರ್ ಹದಿನೈದಕ್ಕೆ ಉದ್ಘಾಟನೆ. ಅವತ್ತು ಅವಳ ಕೋಣೆಯಲ್ಲಿ ರೇಡಿಯೊ ಹಾಕಿಡು, ಬ್ಯಾಂಡಿನ ಸದ್ದು ಕೇಳದಿರಲಿ.

ಎಲಿಯಾನಾ


ಸಾಂತಾ ಇಸೌರಾ
22 ಡಿಸೆಂಬರ್ 1991

ಸೆನ್ಯೊರಾ ಎಲಿಯಾನಾ ಕಿಂತೆರೋಸ್ ಅವರಿಗೆ,

ತಾವು ಉದ್ಘಾಟನೆಗೆ ಬಂದು ಅದೇ ಸಂಜೆ ಹೊರಟುಹೋದಿರಿ. ಮನೆಗೆ ಬರುತ್ತೀರಿ ಎಂದು ನಾನು ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಕಟ್ಟಿ ಉಮಿತಾ ಬೇಯಿಸಿಟ್ಟಿದ್ದೆ. ಎವಾರಿಸ್ತೊನ ಮಕ್ಕಳು ತಿಂದರು.

ರೇಡಿಯೊ ಹಾಕಿದ್ದೆ. ತಮ್ಮ ಆಜ್ಞೆಯನ್ನು ಮೀರಿಲ್ಲ. ಆದರೆ ಬ್ಯಾಂಡಿನ ಸದ್ದಿಗೆ, ಅಷ್ಟು ಜನರ ಗದ್ದಲಕ್ಕೆ, ಅವಳು ತನ್ನ ಹಳೆಯ ಭಾನುವಾರ ಬಂತು ಎಂದು ತಿಳಿದಳು. ಬಾಗಿಲ ಹತ್ತಿರ ಬಂದು ನಿಂತು, ಕೂದಲಿಲ್ಲದ ತೋಳುಗಳನ್ನು ಸವರಿಕೊಂಡಳು. ನಾನು ಸಂದಿಯಿಂದ ನೋಡುತ್ತಿದ್ದೆ. ಹೊರಗೆ ಮೇಯರ್ ಭಾಷಣ ಮುಗಿಸಿದರು. ತಾವು ಎದ್ದು ನಿಂತಿರಿ. ಆಗ ಮುಂದಿನ ಸಾಲಿನ ಒಂದು ಹುಡುಗಿ ಕೇಳಿದಳು, "ಪಲ್ಮೀರಾ ಎಲ್ಲಿ?" ತಾವು ಮೈಕಿನಲ್ಲಿ ಹೇಳಿದಿರಿ: "ಇದು ಪ್ರಾಣಿಗಳ ಮನೆ ಪುಟ್ಟಿ, ಇಲ್ಲಿ ಸರ್ಕಸ್ ಇಲ್ಲ." ಜನ ಚಪ್ಪಾಳೆ ತಟ್ಟಿದರು. ತನಗೇ ತಟ್ಟಿದ್ದು ಎಂದು ಒಳಗೆ ಅವಳೂ ತಟ್ಟಿದಳು. ಹೊರಗಿನವರು ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದಳು. ಕೆಲವರು ನಕ್ಕರು. ತಾವು ಮಾತು ನಿಲ್ಲಿಸಿ ಗುಡ್ಡದ ಕಡೆ ತಿರುಗಿದಿರಿ. ಆಮೇಲೆ ಕಂದಕದ ಬಗ್ಗೆ ಮಾತು ಮುಂದುವರಿಸಿದಿರಿ.

ತಮಗೆ ಕೇಳಿಸಿತು. ಅಷ್ಟು ಮಾತ್ರ ಹೇಳಬೇಕಿತ್ತು.

ಮೃಗಾಲಯ ಚೆನ್ನಾಗಿ ಮೂಡಿಬಂದಿದೆ ಎಂದು ಎಲ್ಲರೂ ಹೇಳುತ್ತಾರೆ.

ಹೆರಿಬೆರ್ತೊ ಕಿಂತೆರೋಸ್,
ಪ್ರಾಣಿಪಾಲಕ


ಮೆಂದೋಸಾ
10 ಜನವರಿ 1992

ಅಣ್ಣಾ,

ಬೈಯಿ, ಹೊಡೆ, ಏನು ಬೇಕಾದರೂ ಮಾಡು. ತಾವು ಅನ್ನಬೇಡ.

ಕೇಳಿಸಿತು. ಆ ಚಪ್ಪಾಳೆಯನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಅವಳಿಗೆ ಅದನ್ನು ಕಲಿಸುವಾಗ ಅವಳ ಹಿಂದೆ ಕುಳಿತು ಎರಡೂ ಕೈ ಹಿಡಿದು ತಟ್ಟಿಸುತ್ತಿದ್ದವಳು ನಾನು. ಭಾಷಣ ಮುಗಿದ ಮೇಲೆ ಹಿಂದಿನ ಮನೆಯ ಬಾಗಿಲ ತನಕ ಬಂದೆ. ನೀನು ಒಳಗಿದ್ದೆ. ಅವಳಿಗೆ ಏನೋ ಹೇಳುತ್ತಿದ್ದೆ, ನಮ್ಮಮ್ಮನ ದನಿಯಲ್ಲಿ. ಒಳಗೆ ಬಂದಿದ್ದರೆ ಅವಳು ನನ್ನ ಕೈ ಹಿಡಿಯುತ್ತಿದ್ದಳು. ಬಿಡಿಸಿಕೊಂಡು ಹೋಗುವ ಶಕ್ತಿ ನನಗೆ ಇರಲಿಲ್ಲ. ಹೋಗದೆ ಇರುವ ಧೈರ್ಯವೂ ಇರಲಿಲ್ಲ. ಹಾಗಾಗಿ ಬಸ್ಸು ಹತ್ತಿದೆ.

ಬರೆಯುತ್ತೀಯಾ?

ಎಲಿಯಾನಾ


ಮೆಂದೋಸಾ
2 ಮಾರ್ಚ್ 1992

ಅಣ್ಣಾ,

ಉತ್ತರ ಬರಲಿಲ್ಲ. ಇಲ್ಲಿಂದ ಬರುವ ಒಬ್ಬ ಡ್ರೈವರ್ ಕೈಯಲ್ಲಿ ಉಣ್ಣೆಯ ಸ್ವೆಟರ್ ಕಳಿಸಿದ್ದೇನೆ. ತೋಳು ಉದ್ದವಾಗಿರಬಹುದು. ನಿನ್ನ ಅಳತೆ ಮರೆತಿದ್ದೇನೆ.

ಪಲ್ಮೀರಾ ಹೇಗಿದ್ದಾಳೆ, ಒಂದು ಸಾಲು ಬರೆ.

ಎಲಿಯಾನಾ


ಸಾಂತಾ ಇಸೌರಾ
5 ಏಪ್ರಿಲ್ 1992

ಎಲಿಯಾನಾ,

ಸ್ವೆಟರ್ ಸರಿಯಾಗಿದೆ. ಶಾಲೆಗಳ ಬಸ್ಸುಗಳು ಬರುತ್ತಲೇ ಇವೆ. ಜನ ನಿಜವಾಗಿಯೂ ದನಿ ತಗ್ಗಿಸಿ ಮಾತಾಡುತ್ತಾರೆ, ನೀನು ಹೇಳಿದ್ದೆಯಲ್ಲ. ಒಂದು ಎಮು ಮೇಯರ್ ಹೆಂಡತಿಯ ಟೋಪಿ ಕಿತ್ತುಕೊಂಡಿತು.

ಪಲ್ಮೀರಾ ಚೆನ್ನಾಗಿದ್ದಾಳೆ.

ಹೆರಿಬೆರ್ತೊ


ಸಾಂತಾ ಇಸೌರಾ
11 ಜುಲೈ 1992

ಪ್ರೀತಿಯ ತಂಗಿ,

ನಿನ್ನೆ ಪಲ್ಮೀರಾ ಹೋದಳು.

ತಂತಿ ಕಳಿಸು ಎಂದು ದೊನ್ ಅಬೆಲಾರ್ದೊ ಹೇಳಿದರು. ಅಂಚೆ ಕಚೇರಿಯ ತನಕ ಹೋದೆ. ಅಲ್ಲಿಯ ಹುಡುಗಿ ಎಷ್ಟು ಪದ ಎಂದು ಕೇಳಿದಳು. ಸುಮ್ಮನೆ ವಾಪಸು ಬಂದೆ. ಇದನ್ನು ಕುಳಿತು ಬರೆಯಬೇಕು, ನೀನು ಕುಳಿತು ಓದಬೇಕು.

ನಾನು ನಿನಗೆ ಒಂದು ವಿಷಯ ಹೇಳಿರಲಿಲ್ಲ. ಮಾರ್ಚಿನಿಂದ ನಾನು ಅವಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹಾಲೆಂಡಿನವರು ಏಳುವ ಮೊದಲು, ಅವರ ಬಾಗಿಲಿಗೆ ಬೀಗ ಇರುವಾಗ, ಬೆಳಕು ಹರಿಯುವ ಹೊತ್ತಿಗೆ. ಡಾಕ್ಟರ್ ರಿಕೆಲ್ಮೆಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು. ನಿನಗೆ ಹೇಳಿದರೆ ನೀನು ನಿಲ್ಲಿಸಬೇಕಾಗುತ್ತಿತ್ತು, ಅಥವಾ ನಿಲ್ಲಿಸದೆ ಬೆರ್ತೊನಿಯವರಿಗೆ ಸುಳ್ಳು ಹೇಳಬೇಕಾಗುತ್ತಿತ್ತು. ಎರಡೂ ಬೇಡ ಅನಿಸಿತು. ಸಿಟ್ಟೂ ಇತ್ತು, ಇಲ್ಲ ಅನ್ನುವುದಿಲ್ಲ.

ಮೊದಲ ದಿನ ಅವಳು ಹೊಸಿಲು ದಾಟಲಿಲ್ಲ. ಸಿಮೆಂಟು ಬಿಟ್ಟು ಬೇರೆ ನೆಲವನ್ನು ಆ ಪಾದಗಳು ಮರೆತೇಬಿಟ್ಟಿದ್ದವು. ಹುಲ್ಲಿನ ಮೇಲೆ ಕಾಲಿಟ್ಟಳು, ಇಬ್ಬನಿ ತಾಕಿತು, ಕಾಲು ಎತ್ತಿ ನನಗೆ ತೋರಿಸಿದಳು. ನಾನು ಬೆನ್ನಿನ ಮೇಲೆ ಹೊತ್ತುಕೊಂಡೆ. ನನಗೆ ಈ ವಯಸ್ಸಿಗೆ ಅವಳ ಭಾರ ಹೆಚ್ಚೇ. ಹೊಳೆಯ ಹತ್ತಿರ ಇಬ್ಬರೂ ಕುಳಿತೆವು. ಅವಳು ನನ್ನ ಸ್ವೆಟರಿನ ತೋಳನ್ನು ಬಿಡಲೇ ಇಲ್ಲ.

ಮೇ ತಿಂಗಳ ಹೊತ್ತಿಗೆ ತಾನೇ ನಡೆಯುತ್ತಿದ್ದಳು. ನೀನು ಬಳ್ಳಿ ಹಬ್ಬಿಸಿದ ಆ ಒರಗಿದ ಮರ ಇದೆಯಲ್ಲ, ಅದನ್ನು ಹತ್ತಲು ನೋಡಿದಳು. ಸೊಂಟ ಕೇಳಲಿಲ್ಲ. ಇಳಿದು, ಅದರ ಬುಡದಲ್ಲಿ ಅಂಗಾತ ಮಲಗಿ ಆಕಾಶ ನೋಡಿದಳು. ಹಕ್ಕಿ ಹಾರಿದರೆ ಬೆರಳು ತೋರಿಸುತ್ತಿದ್ದಳು. ಅವಳ ತೋಳಿನ ಮೇಲೆ ಕೂದಲು ಚಿಗುರಿತು, ಎಲಿಯಾನಾ. ಮರಿಗಳ ಕೂದಲಿನಂಥದ್ದು, ಮೆತ್ತಗೆ. ಒಂದು ಬೆಳಿಗ್ಗೆ ಅವಳು ನನ್ನನ್ನು ಬಿಟ್ಟು ಬಂಡೆಗಳ ಆಚೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾನು ಕರೆಯಲಿಲ್ಲ. ಬಂದಾಗ ಬಾಯಿತುಂಬ ಯಾವುದೋ ಎಲೆ ಜಗಿಯುತ್ತಿದ್ದಳು, ನನ್ನ ಕಡೆ ನೋಡದೆ ನನ್ನ ಪಕ್ಕದಲ್ಲೇ ಹಾದು ಹೋಗಿ ಮರದಡಿ ಕುಳಿತಳು. ಯಾರೂ ಹೇಳಿಕೊಟ್ಟದ್ದಲ್ಲ ಅದು. ಅವತ್ತು ನನಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಅಳು ಬಂತು.

ಜೂನಿನಲ್ಲಿ ಚಳಿ ಜಾಸ್ತಿಯಾಯಿತು. ಬಿಡೋಣ ಎಂದು ಒಂದು ದಿನ ಹೋಗಲಿಲ್ಲ. ಅವಳು ಬಾಗಿಲಿಗೆ ಹಣೆ ಹಚ್ಚಿ ನಿಂತಳು. ಮತ್ತೆ ಕರೆದುಕೊಂಡು ಹೋದೆ. ಬಿಸಿಲೇರಿದ ಮೇಲೆ ಗುಡ್ಡ ಅವರದ್ದು, ಅವಳಿಗೆ ಇದ್ದದ್ದು ಆ ಹೊತ್ತು ಒಂದೇ. ಈ ತಿಂಗಳ ಮೊದಲಲ್ಲಿ ಕೆಮ್ಮು ಹಿಡಿಯಿತು. ಎದೆಗೆ ಇಳಿಯಿತು. ಡಾಕ್ಟರ್ ಮಾಡಬೇಕಾದ್ದನ್ನೆಲ್ಲ ಮಾಡಿದರು. ಇಬ್ಬನಿಯೇ ಕಾರಣವೇ ಎಂದು ಕೇಳಿದೆ. "ಇರಬಹುದು ದೊನ್ ಹೆರಿಬೆರ್ತೊ, ಅವಳ ವಯಸ್ಸೂ ಇರಬಹುದು" ಎಂದರು. ಒಳ್ಳೆಯ ಹೆಂಗಸು.

ಕೊನೆಯಲ್ಲಿ ಅವಳು ಬೆಚ್ಚಗಿನ ನೆಲದ ಮೇಲೆ ಮಲಗಿದ್ದಳು. ನಾನು ಪಕ್ಕದಲ್ಲಿದ್ದೆ. ಅವಳಿಗೆ ಶಾಲು ಹೊದಿಸಲು ಹೋದೆ, ಕೈಯಿಂದ ಸರಿಸಿದಳು. ಅದು ಬೇಡವಾಗಿತ್ತು ಅವಳಿಗೆ. ಬಾಗಿಲ ಕಡೆ ನೋಡುತ್ತಿದ್ದಳು.

ನಿನಗೆ ಹೇಳಬೇಕಾದ್ದು ಇಷ್ಟು. ನೀನು ಕಟ್ಟಿದ ಜಾಗ ಒಳ್ಳೆಯದು. ಅಲ್ಲಿ ಕುಳಿತು ನಾನೇ ಕಂಡೆ. ಸಿಮೆಂಟು ಅಂತ ಅನಿಸಲಿಲ್ಲ, ಬೇಲಿ ಕಾಣಲಿಲ್ಲ. ಅವಳ ಪಂಜರವನ್ನು ಮೂವತ್ತು ವರ್ಷ ನಾನು ದಿನವೂ ತೊಳೆದೆ, ಅದು ಚೊಕ್ಕಟವಾಗಿದೆ ಎಂದು ಹೆಮ್ಮೆಪಟ್ಟೆ. ಅವಳಿಗೆ ಏನು ಬೇಕಿತ್ತು ಅಂತ ನನಗೆ ತೋರಿಸಿದ್ದು ನಿನ್ನ ಗುಡ್ಡ. ಅದಕ್ಕೇ ದುಃಖ ಹೆಚ್ಚು.

ಎಸ್ಪಿನೊ ಮರಗಳ ಕೆಳಗೆ ಹೂತೆವು. ಎವಾರಿಸ್ತೊ ಗುಂಡಿ ತೋಡಿದ. ಗುರುತಿಗೆ ಏನೂ ಇಟ್ಟಿಲ್ಲ, ಬಂದವರಿಗೆ ಬಯಲು ಬಯಲಾಗಿಯೇ ಕಾಣಬೇಕಲ್ಲ. ನೀನು ಬಂದಾಗ ನಾನು ತೋರಿಸುತ್ತೇನೆ.

ನಿನ್ನ ಮೇಲೆ ನನಗೆ ಈಗ ಸಿಟ್ಟಿಲ್ಲ. ಬಾ.

ನಿನ್ನ ಅಣ್ಣ


ಮೆಂದೋಸಾ
19 ಜುಲೈ 1992

ಅಣ್ಣಾ,

ಹಿಮ ಬಿದ್ದು ಮತ್ತೆ ದಾರಿ ಮುಚ್ಚಿದೆ, ಆಚೆಯಿಂದ ಈ ತಿಂಗಳು ಒಂದು ಅಂಚೆಯೂ ಬಂದಿಲ್ಲ. ಈ ಪತ್ರ ನಿನ್ನ ಕೈ ಸೇರುವುದು ಯಾವಾಗಲೋ. ಆದರೂ ಬರೆಯದೆ ಇರಲಾರೆ, ಅಷ್ಟು ಸಂತೋಷವಾಗಿದೆ.

ಏಪ್ರಿಲಿನಲ್ಲಿ ನೀನು ಪಲ್ಮೀರಾ ಚೆನ್ನಾಗಿದ್ದಾಳೆ ಎಂದು ಬರೆದೆ. ಅದೊಂದೇ ಸಾಲು. ನಾನು ನಂಬಲಿಲ್ಲ. ಅವಳು ಕೂದಲು ಕಿತ್ತುಕೊಳ್ಳುತ್ತಿದ್ದಾಗಲೂ ಚೆನ್ನಾಗಿದ್ದಾಳೆ ಅಂದವನು ನೀನು. ಹಗಲಿಡೀ ಅವಳು ಆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿರುವುದೇ ನನ್ನ ಕಣ್ಣೆದುರು ಬರುತ್ತಿತ್ತು. ಕೊನೆಗೆ ಬೆರ್ತೊನಿಯವರ ಎದುರು ಹೋಗಿ ಕುಳಿತೆ. ಎಷ್ಟು ಜಗಳವಾಯಿತು ಎಂದರೆ ಕಚೇರಿಯವರು ಬಾಗಿಲು ಮುಚ್ಚಿದರು. ನಾವು ಕಾಡು ಕಟ್ಟಿದ್ದು ಯಾರಿಗೆ, ನೋಡುವವರಿಗೋ ಇರುವವರಿಗೋ ಎಂದು ಕೇಳಿದೆ. ಅವರು ಮೇಜಿನ ಮೇಲಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿ, "ಎಲ್ಲಿ ಕಟ್ತೀಯ ತೋರಿಸು" ಎಂದರು. ನಾನು ಚೀಲದಿಂದ ನಕ್ಷೆ ತೆಗೆದೆ.

ಈ ಪತ್ರದ ಜೊತೆ ಅದರ ಒಂದು ಪ್ರತಿ ಇಟ್ಟಿದ್ದೇನೆ. ಹಿಂದಿನ ಮನೆಯ ಉತ್ತರದ ಗೋಡೆ ಒಡೆದು ಬಾಗಿಲು ಇಡುತ್ತೇವೆ. ಅದರಾಚೆ ಅವಳೊಬ್ಬಳಿಗೇ ಒಂದು ಅಂಗಳ. ದೊಡ್ಡದಲ್ಲ, ಆದರೆ ಪೂರ್ತಿ ಹುಲ್ಲು. ನೆಲವನ್ನು ಇಳಿಜಾರು ಮಾಡಿದ್ದೇನೆ, ಇಬ್ಬನಿಯೂ ನೀರೂ ನಿಲ್ಲುವುದಿಲ್ಲ. ಮಧ್ಯಾಹ್ನದ ಬಿಸಿಲು ಪೂರಾ ಬೀಳುತ್ತದೆ. ಮರವನ್ನು ತೀರಾ ಒರಗಿಸಿ ನೆಡಬೇಕು, ಕೊಂಬೆ ಮೊಣಕಾಲೆತ್ತರಕ್ಕೆ ಬರುವ ಹಾಗೆ. ಈ ವಯಸ್ಸಿನಲ್ಲಿ ಅವಳಿಗೆ ಸೊಂಟ ಕಷ್ಟ ಕೊಡಬಹುದು. ಹೊರಗಿನಿಂದ ಯಾರಿಗೂ ಅಂಗಳ ಕಾಣುವುದಿಲ್ಲ, ಹಾಗಾಗಿ ಅಲ್ಲಿ ಯಾವ ನಿಯಮವೂ ಇಲ್ಲ. ಅವಳು ಬೇಕಾದರೆ ಶಾಲು ಹೊದೆಯಲಿ, ಬೇಡದಿದ್ದರೆ ಬಿಡಲಿ. ನೀನು ಅಡಗಿಕೊಳ್ಳಬೇಕಾಗಿಲ್ಲ. ಗೋಡೆಯ ನೆರಳಿನಲ್ಲಿ ಒಂದು ಬೆಂಚು ಬರೆದಿದ್ದೇನೆ, ನೋಡು. ಮೂರು ಜನ ಕೂರುವಷ್ಟು ಉದ್ದ ಇದೆ.

ಸೆಪ್ಟೆಂಬರಿನಲ್ಲಿ ಕೆಲಸ ಶುರು. ದಾರಿ ತೆರೆದ ಕೂಡಲೇ ನಾನು ಬರುತ್ತೇನೆ. ಈ ಸಲ ಮೊದಲು ಹಿಂದಿನ ಮನೆಗೆ ಬರುತ್ತೇನೆ, ಆಮೇಲೆ ಉಳಿದದ್ದು. ಅವಳು ಸಿಟ್ಟಿನಲ್ಲಿ ಬೆನ್ನು ತಿರುಗಿಸಿದರೂ ಸರಿ, ತಿರುಗುವ ತನಕ ಕೂತಿರುತ್ತೇನೆ.

ಅವಳಿಗೆ ಹೇಳು, ಅಣ್ಣಾ.

ಎಲಿಯಾನಾ